ಗ್ಯಾಸ್ ಒಲೆಗೆ ಬೇಕಾದ್ದು ಒಂದಡಿ ನೀರಿನ ಒತ್ತಡ

ಬೆಂಗಳೂರಿನ ಫ್ಲ್ಯಾಟೊಂದರಲ್ಲಿ ಆರು ವರ್ಷ ಸಂಸಾರ ನಡೆಸಿದ ಕುಟುಂಬವೊಂದು ವರ್ಗಾವಣೆಯ ಮೇಲೆ ಶಿವಮೊಗ್ಗಕ್ಕೆ ಬಂದಿದೆ ಎಂದು ಇಟ್ಟುಕೊಳ್ಳಿ. ಲಾರಿಯಿಂದ ಸಾಮಾನು ಇಳಿಸಿದ್ದಾಗಿದೆ. ಮೊದಲು ಹಾಲು ಉಕ್ಕಿಸೋಣವೆಂದು ಹಳೆಯ ಒಲೆಗೆ ಹೊಸ ಸಿಲಿಂಡರ್ ಜೋಡಿಸಿ ಹಚ್ಚಿದರೆ, ಬರ್ನರ್ ಮೇಲೆ ಗೇಣುದ್ದದ ಹಳದಿ ಜ್ವಾಲೆ! ಹಾಲು ಉಕ್ಕುವ ಹೊತ್ತಿಗೆ ಫಳಫಳ ಹೊಳೆಯುತ್ತಿದ್ದ ಪಾತ್ರೆಯ ತಳ ಸೌದೆ ಒಲೆಯ ಮೇಲಿಟ್ಟಂತೆ ಕಪ್ಪಾಗಿದೆ.

ತಾಯಿ ಒಲೆಯನ್ನು ದೂರುತ್ತಾರೆ. ತಂದೆ ಗ್ಯಾಸ್ ಕಲಬೆರಕೆ ಎನ್ನುತ್ತಾರೆ. ಪಕ್ಕದ ಮನೆಯವರು ಬಂದು ನೋಡಿ, ‘ಏನೂ ಇಲ್ಲ, ಬರ್ನರ್ ಕೆಳಗಿನ ತೂತಿಗೆ ಒಂದು ಪಿನ್ನು ಹಾಕಿ ಆಡಿಸಿ, ಸರಿಹೋಗುತ್ತೆ’ ಎಂದು ಸಲಹೆ ಕೊಡುತ್ತಾರೆ. ಎಂಟನೆಯ ತರಗತಿಯ ಮಗಳು ಮಾತ್ರ ಬೇರೆಯೇ ಪ್ರಶ್ನೆ ಕೇಳುತ್ತಾಳೆ: ‘ಗ್ಯಾಸು ಎಷ್ಟು ಒತ್ತಡದಲ್ಲಿ ಬರ್ತಿದೆ ಅಂತ ಅಳೆಯೋಕೆ ಆಗಲ್ವಾ?’

ದೊಡ್ಡವರು ಮೂವರದೂ ತಪ್ಪು ಊಹೆ. ಪಕ್ಕದ ಮನೆಯವರ ಸಲಹೆಯಂತೂ ಅಪಾಯಕಾರಿ. ಸರಿಯಾದ ದಾರಿಯಲ್ಲಿರುವುದು ಮಗಳ ಪ್ರಶ್ನೆಯೊಂದೇ. ಗ್ಯಾಸ್ ಒಲೆಯನ್ನು ಹೊಸದಾಗಿ ಕೂರಿಸುವಾಗ ಕಲ್ಲು ಮಟ್ಟವಾಗಿದೆಯೇ, ಬಣ್ಣ ಗೋಡೆಗೆ ಹೊಂದುತ್ತದೆಯೇ ಎಂದು ನೋಡುವ ನಾವು ಅನಿಲದ ಒತ್ತಡವೆಷ್ಟು ಎಂದು ಕೇಳುವುದೇ ಇಲ್ಲ. ಆ ಒಲೆ ಯಾವ ಅನಿಲಕ್ಕೆ, ಎಷ್ಟು ಒತ್ತಡಕ್ಕೆ ತಯಾರಾದದ್ದು ಎಂಬುದು ಹಲವು ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಊದಿದರೆ ಸಾಕು!

ಭಾರತದ ಮನೆಗಳಲ್ಲಿ ಬಳಕೆಯಾಗುವ ಎಲ್‌ಪಿಜಿ ಒಲೆಗಳಿಗೆ ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿರುವ ಒತ್ತಡ ಚದರ ಸೆಂಟಿಮೀಟರಿಗೆ 30 ಗ್ರಾಂ ಭಾರದಷ್ಟು. ಈಗಿನ ಏಕಮಾನದಲ್ಲಿ ಹೇಳುವುದಾದರೆ 2.942 ಕಿಲೋನ್ಯೂಟನ್ ಪ್ರತಿ ಚದರ ಮೀಟರಿಗೆ. ಒಲೆಯ ಮೇಲೋ ಅದರ ಪೆಟ್ಟಿಗೆಯ ಮೇಲೋ 2.942 ಎಂಬ ವಿಚಿತ್ರ ಸಂಖ್ಯೆ ಕಂಡರೆ ಅದು ಇದೇ.

ಈ 30 ಗ್ರಾಂ ಎಂದರೆ ಎಷ್ಟು? ನಮ್ಮನ್ನು ಸುತ್ತುವರಿದ ಗಾಳಿ ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1033 ಗ್ರಾಂ ಭಾರ ಹೇರಿರುತ್ತದೆ. ಅದರ ಮೇಲೆ ಇನ್ನು 30 ಗ್ರಾಂ, ಅಂದರೆ ಬರೀ ಶೇಕಡ 3ರಷ್ಟು ಹೆಚ್ಚುವರಿ. ಅಷ್ಟರಿಂದಲೇ ಮನೆಮಂದಿಯ ಅಡುಗೆಯೆಲ್ಲ ಆಗುತ್ತದೆ.

ಇನ್ನೊಂದು ರೀತಿ ನೋಡೋಣ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಒಂದು ಗ್ರಾಂ. ಆದ್ದರಿಂದ 30 ಸೆಂ.ಮೀ. ಎತ್ತರದ ನೀರಿನ ಕಂಬ ತನ್ನ ತಳದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸರಿಯಾಗಿ 30 ಗ್ರಾಂ ಭಾರ ಹಾಕುತ್ತದೆ. ಶಾಲೆಯ ಅಡಿಪಟ್ಟಿಯಷ್ಟು ಎತ್ತರದ ನೀರು! ಒಲೆಗೆ ಬೇಕಾದ ಒತ್ತಡ ಇಷ್ಟೇ. ಇದಕ್ಕಾಗಿಯೇ ಅನಿಲದ ಕೆಲಸಗಾರರು ಪ್ರಪಂಚದ ಎಲ್ಲೆಡೆ ಒತ್ತಡವನ್ನು ನೀರಿನ ಎತ್ತರದಲ್ಲೇ ಹೇಳುವ ರೂಢಿ ಬೆಳೆಯಿತು. ಅಮೆರಿಕದ ಮೆಕ್ಯಾನಿಕ್ ಇಂದಿಗೂ ‘ಇಷ್ಟು ಅಂಗುಲ ನೀರು’ ಎಂದೇ ಲೆಕ್ಕ ಹೇಳುತ್ತಾನೆ.

ಅಳೆಯುವ ಉಪಕರಣವೂ ಅಷ್ಟೇ ಸರಳ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧದವರೆಗೆ ನೀರು ತುಂಬಿದರೆ ಮುಗಿಯಿತು. ಇದೇ ಮ್ಯಾನೋಮೀಟರ್. ಭೌತಶಾಸ್ತ್ರದ ಪಾಠದಲ್ಲಿ ಇದರ ಚಿತ್ರವಿರುತ್ತದೆ. ವಿದ್ಯಾರ್ಥಿಗಳು ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎರಡು ಅಂಕ ಪಡೆಯುತ್ತಾರೆ. ಕೈಯಲ್ಲಿ ಹಿಡಿದು ನೋಡಿದವರು ಅಪರೂಪ. ಹತ್ತಾರು ರೂಪಾಯಿಯ ಕೊಳವೆಯಲ್ಲಿ ಆಗುವ ಪ್ರಯೋಗವನ್ನೂ ಕಪ್ಪುಹಲಗೆಯ ಮೇಲೇ ಮುಗಿಸುವ ನಮ್ಮ ಪದ್ಧತಿಗೆ ಏನೆನ್ನೋಣ?

ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಇದನ್ನು ಮಾಡಿ ನೋಡಬಹುದು. ಎರಡೂ ತೋಳುಗಳು ಮುಕ್ಕಾಲು ಮೀಟರಿನಷ್ಟು ಉದ್ದವಿರಲಿ. ಕುಡಿಯುವ ನೀರಿಗೆ ಒಂದು ಚಿಟಿಕೆ ಅರಿಶಿನ ಹಾಕಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಒಂದು ತುದಿಗೆ ಬಾಯಿಟ್ಟು ನಿಧಾನವಾಗಿ ಊದಿ. ಆ ಕಡೆಯ ನೀರು 15 ಸೆಂ.ಮೀ. ಇಳಿದು ಈಚೆ ಕಡೆಯದು 15 ಸೆಂ.ಮೀ. ಏರಿದರೆ ಎರಡು ಮಟ್ಟಗಳ ನಡುವಿನ ವ್ಯತ್ಯಾಸ 30. ಹೈಸ್ಕೂಲಿನ ಹುಡುಗ ಹುಡುಗಿಯರಿಗೆ ಇದು ಕಷ್ಟವೇನಲ್ಲ. ಅಂದರೆ, ಅಡುಗೆಮನೆಯ ಗ್ಯಾಸಿನ ಒತ್ತಡ ನಿಮ್ಮ ಉಸಿರಿನಿಂದ ಹುಟ್ಟಿಸಬಹುದಾದಷ್ಟೇ! ಕೊಳವೆ ದಪ್ಪವಿದ್ದರೂ ಸಣ್ಣದಿದ್ದರೂ ಅಳತೆ ಬದಲಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಎತ್ತರ ಮಾತ್ರ. (ಈ ಪ್ರಯೋಗ ಉಸಿರಿನಿಂದ ಮಾತ್ರ. ಕೊಳವೆಯನ್ನು ಸಿಲಿಂಡರಿಗೋ ಒಲೆಗೋ ಸಿಕ್ಕಿಸುವ ಸಾಹಸ ಬೇಡವೇ ಬೇಡ. ಅದು ತರಬೇತಿ ಪಡೆದ ಮೆಕ್ಯಾನಿಕ್‌ನ ಕೆಲಸ.)

ನೀರನ್ನೇ ಏಕೆ ಬಳಸಬೇಕು, ವಾಯುಭಾರಮಾಪಕದಲ್ಲಿರುವ ಪಾದರಸ ಏಕಾಗದು? ಪಾದರಸ ನೀರಿಗಿಂತ 13.6 ಪಟ್ಟು ಭಾರ. 30 ಸೆಂ.ಮೀ. ನೀರಿನ ಒತ್ತಡ ಪಾದರಸದಲ್ಲಿ ಬರೀ 2.2 ಸೆಂ.ಮೀ. ಆಗಿ ಕಾಣುತ್ತದೆ. ನೀರಿನಲ್ಲಾದರೆ ಒಂದು ಮಿಲಿಮೀಟರಿನ ಏರಿಳಿತವೂ ಕಣ್ಣಿಗೆ ಬೀಳುತ್ತದೆ, ಅಂದರೆ ವಾತಾವರಣದ ಒತ್ತಡದ ಹತ್ತು ಸಾವಿರದ ಒಂದು ಪಾಲು. ಅಷ್ಟು ಸೂಕ್ಷ್ಮವಾದ ಉಪಕರಣ ಇಷ್ಟು ಅಗ್ಗಕ್ಕೆ ಇನ್ನೊಂದಿಲ್ಲ.

ಕಾವಲುಗಾರ ರೆಗ್ಯುಲೇಟರ್

ಸಿಲಿಂಡರಿನ ಒಳಗಿನ ಕಥೆ ಬೇರೆ. ಅಲ್ಲಿರುವುದು ಒತ್ತಡದಿಂದ ದ್ರವವಾಗಿಸಿದ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ, ಮನೆಯ ಸಿಲಿಂಡರಿನಲ್ಲಿ 14.2 ಕಿಲೋ. ಬೆಚ್ಚನೆಯ ದಿನ ದ್ರವದ ಮೇಲಿನ ಅನಿಲದ ಒತ್ತಡ ಚದರ ಸೆಂಟಿಮೀಟರಿಗೆ ಐದಾರು ಕಿಲೋ ಇರುತ್ತದೆ. ನೀರಿನ ಕಂಬದ ಲೆಕ್ಕದಲ್ಲಿ 50–60 ಮೀಟರ್, ಹದಿನೈದು ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರ! ಅದನ್ನು ಅಡಿಪಟ್ಟಿಯೆತ್ತರಕ್ಕೆ ಇಳಿಸುವುದು, ಅಂದರೆ ಸುಮಾರು ಇನ್ನೂರನೆಯ ಒಂದು ಪಾಲಿಗೆ ತಗ್ಗಿಸುವುದು, ಸಿಲಿಂಡರಿನ ನೆತ್ತಿಯ ಮೇಲೆ ಕೂರುವ ಪುಟ್ಟ ರೆಗ್ಯುಲೇಟರ್.

ಇಲ್ಲಿ ಒಂದು ಮಾತು. ಸಿಲಿಂಡರಿನಲ್ಲಿ ಗ್ಯಾಸ್ ಅರ್ಧ ಖಾಲಿಯಾದರೆ ಒತ್ತಡವೂ ಅರ್ಧವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಒಳಗೆ ಒಂದು ಲೋಟ ದ್ರವ ಉಳಿದಿರುವವರೆಗೂ ಅದು ಆವಿಯಾಗಿ ಹೆಚ್ಚುಕಡಿಮೆ ಮೊದಲಿನಷ್ಟೇ ಒತ್ತಡವನ್ನು ಕಾಪಾಡುತ್ತದೆ. ಒತ್ತಡವನ್ನು ನಿರ್ಧರಿಸುವುದು ಮುಖ್ಯವಾಗಿ ದ್ರವದ ಉಷ್ಣತೆ. ಮಡಿಕೇರಿಯ ಚಳಿಯ ಬೆಳಿಗ್ಗೆ ಅದು ಕಡಿಮೆ, ಕಲಬುರಗಿಯ ಬೇಸಿಗೆಯ ಮಧ್ಯಾಹ್ನ ಹೆಚ್ಚು. ಆದ್ದರಿಂದ ಒತ್ತಡದ ಮುಳ್ಳು ನೋಡಿ ‘ಇನ್ನು ಅರ್ಧ ಸಿಲಿಂಡರ್ ಇದೆ’ ಎಂದು ಹೇಳುವುದು ಸಾಧ್ಯವಿಲ್ಲ. ಗ್ಯಾಸ್ ಎಷ್ಟಿದೆಯೆಂದು ತಿಳಿಯಬೇಕಿದ್ದರೆ ತೂಕ ಮಾಡುವುದೇ ಸರಿ.

ರೆಗ್ಯುಲೇಟರಿನ ಒಳಗೆ ಒಂದು ರಬ್ಬರ್ ಪೊರೆ ಇದೆ. ಪೊರೆಯ ಮೇಲೆ ಸ್ಪ್ರಿಂಗು, ಕೆಳಗೆ ಅನಿಲ. ಒಲೆ ಹಚ್ಚಿದಾಗ ಅನಿಲ ಹೊರಹೋಗಿ ಪೊರೆಯ ಕೆಳಗಿನ ಒತ್ತಡ ತುಸು ಇಳಿಯುತ್ತದೆ. ಸ್ಪ್ರಿಂಗು ಪೊರೆಯನ್ನು ಕೆಳಕ್ಕೆ ಒತ್ತುತ್ತದೆ. ಪೊರೆಗೆ ಸೇರಿದ ಸನ್ನೆ ಕವಾಟವನ್ನು ತೆರೆಯುತ್ತದೆ. ಒಲೆ ಆರಿಸಿದರೆ ಒತ್ತಡ ಏರಿ ಪೊರೆ ಮೇಲಕ್ಕೆ ಉಬ್ಬಿ ಕವಾಟ ಮುಚ್ಚುತ್ತದೆ. ನೀರಿನ ತೊಟ್ಟಿಯ ತೇಲುಬುರುಡೆ ನಲ್ಲಿಯನ್ನು ಮುಚ್ಚಿ ತೆರೆಯುವ ಹಾಗೆಯೇ. ರೆಗ್ಯುಲೇಟರಿನ ಮೇಲ್ಭಾಗದಲ್ಲಿ ಕಾಣುವ ಸೂಜಿಗಾತ್ರದ ರಂಧ್ರ ಪೊರೆಯ ಮೇಲಿನ ಗಾಳಿ ಒಳಹೊರಗೆ ಆಡಲೆಂದು ಇಟ್ಟದ್ದು. ಅಲ್ಲಿ ಹಿಟ್ಟೋ ಎಣ್ಣೆ ಜಿಡ್ಡೋ ತುಂಬಿಕೊಳ್ಳಬಾರದು.

ಪಾಪದ ಈ ಯಂತ್ರ ತನ್ನ ಪೊರೆಗೆ ತಾಗುವ ಒತ್ತಡವನ್ನಷ್ಟೇ ನಂಬುತ್ತದೆ. ಅದಕ್ಕೆ ತಪ್ಪು ಸುದ್ದಿ ಹೋದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣ ಮತ್ತು ನೆರೆಯ ಊರುಗಳು 2018ರ ಸೆಪ್ಟೆಂಬರ್ 13ರಂದು ಕಂಡವು. ಅಲ್ಲಿನ ಬೀದಿ ಕೊಳವೆಗಳಲ್ಲಿ ಹರಿಯುತ್ತಿದ್ದ ಅನಿಲದ ಒತ್ತಡ ಚದರ ಅಂಗುಲಕ್ಕೆ ಅರ್ಧ ಪೌಂಡ್. ನಮ್ಮ ಲೆಕ್ಕಕ್ಕೆ ತಂದರೆ 35 ಗ್ರಾಂ, ಹೆಚ್ಚುಕಡಿಮೆ ನಮ್ಮ ಅಡುಗೆಮನೆಯದೇ. ಬೀದಿಯ ಒತ್ತಡವೇ ಇಷ್ಟು ಕಡಿಮೆಯಿದ್ದುದರಿಂದ ಮನೆಮನೆಗೆ ಬೇರೆ ರೆಗ್ಯುಲೇಟರ್ ಇರಲಿಲ್ಲ. ಅಂದು ಹಳೆಯ ಬೀಡುಕಬ್ಬಿಣದ ಕೊಳವೆಯನ್ನು ಕೈಬಿಟ್ಟು ಪ್ಲಾಸ್ಟಿಕ್ ಕೊಳವೆಗೆ ಬದಲಾಯಿಸುವ ಕೆಲಸ ನಡೆದಿತ್ತು. ಆದರೆ ಒತ್ತಡವನ್ನು ಗ್ರಹಿಸಿ ರೆಗ್ಯುಲೇಟರಿಗೆ ತಿಳಿಸುವ ಸಣ್ಣ ಕೊಳವೆಗಳು ಕೈಬಿಟ್ಟ ಹಳೆಯ ಕೊಳವೆಗೇ ಅಂಟಿಕೊಂಡಿದ್ದವು!

ಹಳೆಯ ಕೊಳವೆಯಲ್ಲಿ ಒತ್ತಡ ಇಳಿಯುತ್ತ ಹೋಯಿತು. ‘ಊರಿಗೆ ಅನಿಲ ಸಾಲದು’ ಎಂದು ತಿಳಿದ ರೆಗ್ಯುಲೇಟರುಗಳು ಕವಾಟವನ್ನು ಪೂರ್ತಿ ತೆರೆದವು. ಹೊಸ ಕೊಳವೆಗಳಲ್ಲಿ ಒತ್ತಡ ಅರ್ಧ ಪೌಂಡಿನಿಂದ ಆರು ಪೌಂಡಿನ ಆಸುಪಾಸಿಗೆ ಏರಿತು. ಒಲೆ, ನೀರು ಕಾಯಿಸುವ ಹಂಡೆಗಳಿಂದ ಬೆಂಕಿ ಚಿಮ್ಮಿತು, ಮನೆಗಳು ಸಿಡಿದವು. 131 ಕಟ್ಟಡಗಳಿಗೆ ಹಾನಿಯಾಯಿತು, 22 ಮಂದಿ ಆಸ್ಪತ್ರೆ ಸೇರಿದರು, 18 ವರ್ಷದ ತರುಣನೊಬ್ಬ ಸತ್ತ. ಒಲೆಗಳಲ್ಲಿ ದೋಷವಿರಲಿಲ್ಲ. ಅವಕ್ಕೆ ಅಡಿಯೆತ್ತರದ ನೀರಿನ ಬದಲು ನಾಲ್ಕು ಮೀಟರ್ ಎತ್ತರದ ನೀರಿನ ಒತ್ತಡ ಬಂದಿತ್ತು, ಅಷ್ಟೇ.

ಇದು ದೂರದ ದೇಶದ ಕಥೆ ಎಂದು ತಳ್ಳಿಹಾಕುವಂತಿಲ್ಲ. ಮದುವೆ ಮನೆಯ ದೊಡ್ಡ ಒಲೆಗಳಿಗೆ ಬಳಸುವ, ತಿರುಗಿಸಿದಂತೆಲ್ಲ ಒತ್ತಡ ಏರಿಸಬಲ್ಲ ರೆಗ್ಯುಲೇಟರುಗಳು ಇವೆ. ‘ಉರಿ ಸಾಲದು’ ಎಂದು ಅಂಥದನ್ನು ಮನೆಯ ಒಲೆಗೆ ತಂದು ಸಿಕ್ಕಿಸುವುದು ಲಾರೆನ್ಸಿನ ಅನಾಹುತವನ್ನು ಕೈಯಾರೆ ಮನೆಯೊಳಗೆ ಕರೆದುಕೊಂಡಂತೆ. ಮನೆಯ ರೆಗ್ಯುಲೇಟರಿನಲ್ಲಿ ಒತ್ತಡ ಏರಿಸುವ ತಿರುಪು ಹೊರಗೆ ಕಾಣದಿರುವುದು ತಯಾರಕರ ಮರೆವಿನಿಂದಲ್ಲ.

ಕೂದಲೆಳೆಯ ಲೆಕ್ಕ

ಈಗ ಒಲೆಯ ಒಳಗೆ ಹೋಗೋಣ. ಗುಂಡಿ ತಿರುಗಿಸಿದಾಗ ಅನಿಲ ಹೊರಬರುವುದು ಹಿತ್ತಾಳೆಯ ಪುಟ್ಟ ಜೆಟ್ಟಿನ ರಂಧ್ರದಿಂದ. ಅದರ ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ಆ ರಂಧ್ರದಿಂದ ಅನಿಲ ಎಷ್ಟು ವೇಗವಾಗಿ ಹೊರಡುತ್ತದೆ ಗೊತ್ತೇ? 30 ಗ್ರಾಂ ಒತ್ತಡಕ್ಕೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 50 ಮೀಟರ್. ಗಂಟೆಗೆ 180 ಕಿಲೋಮೀಟರ್, ಅಂದರೆ ವಂದೇ ಭಾರತ್ ರೈಲಿನ ವಿನ್ಯಾಸ ವೇಗ! ಉಸಿರಿನಷ್ಟೇ ಸೌಮ್ಯ ಎಂದುಕೊಂಡ ಒತ್ತಡದ ಮಹಿಮೆ ಇದು. ಅನಿಲ ಅಷ್ಟು ಹಗುರ.

ಈ ವೇಗವೇ ಒಲೆಯ ಗುಟ್ಟು. ಧಾವಿಸುವ ಅನಿಲ ಪಕ್ಕದ ಕಿಂಡಿಯಿಂದ ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಬರ್ನರಿನ ಕೊಳವೆಯೊಳಗೆ ನುಗ್ಗುತ್ತದೆ. ದಹನಕ್ಕೆ ಮೊದಲೇ ಗಾಳಿ ಬೆರೆತರೆ ಜ್ವಾಲೆ ನೀಲಿ, ಬಿಸಿ ಹೆಚ್ಚು, ಮಸಿ ಇಲ್ಲ. 1855ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ರಯೋಗಶಾಲೆಯಲ್ಲಿ ರಾಬರ್ಟ್ ಬುನ್ಸೆನ್ ಬಳಕೆಗೆ ತಂದ ಬರ್ನರಿನ ತತ್ತ್ವವೂ ಇದೇ. ಶಾಲೆಯ ಪ್ರಯೋಗಶಾಲೆಯಲ್ಲಿ ಗಾಳಿಯ ಕಿಂಡಿ ಮುಚ್ಚಿದರೆ ಹಳದಿ, ತೆರೆದರೆ ನೀಲಿ ಜ್ವಾಲೆ ಬರುವುದನ್ನು ನೋಡಿದವರಿಗೆ ಅಡುಗೆಮನೆಯ ಒಲೆ ಹೊಸದಲ್ಲ.

ಗಾಳಿ ಬೇಕಾಗುವುದು ಸಣ್ಣ ಪ್ರಮಾಣದಲ್ಲಲ್ಲ. ಒಂದು ಲೀಟರ್ ಪ್ರೊಪೇನ್ ಅನಿಲ ಪೂರ್ತಿ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು. ಬ್ಯೂಟೇನಿಗೆ 31 ಲೀಟರ್. ಅಷ್ಟು ಗಾಳಿ ಒದಗದಿದ್ದರೆ ಇಂಗಾಲದ ಕಣಗಳು ಉರಿಯದೆ ಉಳಿದು ಕಾದು ಹಳದಿಯಾಗಿ ಹೊಳೆಯುತ್ತವೆ, ಪಾತ್ರೆಯ ತಳಕ್ಕೆ ಮಸಿಯಾಗಿ ಹತ್ತುತ್ತವೆ. ಮಸಿಯಾದರೂ ಕಣ್ಣಿಗೆ ಕಾಣುತ್ತದೆ. ಅದರ ಜೊತೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಅದನ್ನು ಅಪ್ಪಿಕೊಳ್ಳುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಅಡುಗೆಮನೆಯಲ್ಲಿ ಹಳದಿ ಜ್ವಾಲೆಯ ಮುಂದೆ ನಿಂತವರಿಗೆ ತಲೆನೋವು ಬಂದರೆ ಕೆಲಸದ ಆಯಾಸವೆಂದು ಸುಮ್ಮನಾಗಬಾರದು.

ಒತ್ತಡ ಕಡಿಮೆಯಾದರೆ? ಅನಿಲದ ವೇಗ ಇಳಿಯುತ್ತದೆ, ಎಳೆದುಕೊಳ್ಳುವ ಗಾಳಿಯೂ ಕಡಿಮೆ. ಜ್ವಾಲೆ ಕುಗ್ಗುತ್ತದೆ, ಕೆಲವೊಮ್ಮೆ ಬರ್ನರಿನ ಒಳಗೇ ಹಿಂದಕ್ಕೆ ನುಗ್ಗಿ ‘ಬುಸ್’ ಎನ್ನುತ್ತದೆ. ಒತ್ತಡ ಅತಿಯಾದರೆ ಮಿಶ್ರಣ ಜ್ವಾಲೆಗಿಂತ ವೇಗವಾಗಿ ಓಡಿ, ಉರಿ ಬರ್ನರನ್ನು ಬಿಟ್ಟು ಮೇಲೆ ಕುಣಿಯುತ್ತದೆ, ನಂದಿಯೂ ಹೋಗಬಹುದು. ಆಮೇಲೆ ಬರುವ ಅನಿಲವೆಲ್ಲ ಉರಿಯದೆ ಕೋಣೆಗೆ. ಒತ್ತಡ ನಾಲ್ಕು ಪಟ್ಟಾದರೆ ಅನಿಲದ ಹರಿವು ಎರಡು ಪಟ್ಟಾಗುತ್ತದೆ ಎಂಬುದು ಸರಳ ನಿಯಮ. ನೀರಿನ ತೊಟ್ಟಿಯ ತೂತಿನಿಂದ ನೀರು ಚಿಮ್ಮುವ ಬಗ್ಗೆ ಟಾರಿಚೆಲ್ಲಿ ಕಂಡುಕೊಂಡ ವರ್ಗಮೂಲದ ನಿಯಮವೇ ಇಲ್ಲೂ ನಡೆಯುತ್ತದೆ.

ಇನ್ನು ಪಕ್ಕದ ಮನೆಯವರ ಪಿನ್ನಿನ ವಿಷಯ. ಜೆಟ್ಟಿನ ರಂಧ್ರ 0.6 ಮಿ.ಮೀ. ಇದೆ ಎನ್ನಿ. ಉಕ್ಕಿನ ಪಿನ್ನನ್ನು ತುರುಕಿ ಆಡಿಸಿದಾಗ ಮೆತ್ತನೆಯ ಹಿತ್ತಾಳೆ ಸವೆದು ಅದು 0.7 ಆಯಿತು. ಹೆಚ್ಚಾದದ್ದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಒಂದು ಕೂದಲೆಳೆಯಷ್ಟು. ಆದರೆ ರಂಧ್ರದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ: 49ನ್ನು 36ರಿಂದ ಭಾಗಿಸಿ. ಉತ್ತರ 1.36. ಒಂದು ಕೂದಲೆಳೆಗೆ ಶೇಕಡ 36ರಷ್ಟು ಹೆಚ್ಚು ಗ್ಯಾಸ್! ಪಿನ್ನು ಹಾಕಿದ ಮೇಲೆ ಕಸ ಹೋಗಿ ಉರಿ ‘ಜೋರಾಯಿತು’ ಎಂದು ಹಿಗ್ಗುವವರು ತಿಂಗಳ ಸಿಲಿಂಡರ್ ನಾಲ್ಕೈದು ದಿನ ಮೊದಲೇ ಮುಗಿದಾಗ ಏಜೆನ್ಸಿಯನ್ನು ಬೈಯುತ್ತಾರೆ.

ಎರಡು ಅನಿಲ, ಒಂದು ಒಲೆ

ಶಿವಮೊಗ್ಗದ ಮನೆಗೆ ಮರಳೋಣ. ಆ ಒಲೆಗೆ ಯಾರೂ ಪಿನ್ನು ಹಾಕಿಲ್ಲ. ಹಾಗಿದ್ದರೂ ಹಳದಿ ಉರಿ ಏಕೆ? ಉತ್ತರ ಬೆಂಗಳೂರಿನಲ್ಲಿದೆ. 2013ರಲ್ಲಿ ದಾಭೋಳ್–ಬೆಂಗಳೂರು ಕೊಳವೆಮಾರ್ಗದ ಮೂಲಕ ನೈಸರ್ಗಿಕ ಅನಿಲ ಕರ್ನಾಟಕಕ್ಕೆ ಬಂತು; 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಮಾರ್ಗವೂ ಉದ್ಘಾಟನೆಯಾಯಿತು. ಹೀಗೆ ಹಲವು ಊರುಗಳ ಅಡುಗೆಮನೆಗೆ ನಲ್ಲಿ ನೀರಿನಂತೆ ಬರುವ ಈ ಅನಿಲಕ್ಕೆ ಪಿಎನ್‌ಜಿ ಎಂದು ಹೆಸರು. ಅದರಲ್ಲಿ ಮುಖ್ಯವಾಗಿ ಇರುವುದು ಮಿಥೇನ್. ಮನೆಯ ಮೀಟರಿನ ಬಳಿ ಇದರ ಒತ್ತಡ 21 ಮಿಲಿಬಾರ್. ನೀರಿನ ಲೆಕ್ಕದಲ್ಲಿ 21.4 ಸೆಂ.ಮೀ., ಅಂದರೆ ಎಲ್‌ಪಿಜಿಯ ಮುಕ್ಕಾಲಿಗೂ ತುಸು ಕಡಿಮೆ.

ಒತ್ತಡವಷ್ಟೇ ಅಲ್ಲ, ಅನಿಲದ ಕಸುವೂ ಬೇರೆ. ಒಂದು ಲೀಟರ್ ಎಲ್‌ಪಿಜಿ ಅನಿಲ ಒಂದು ಲೀಟರ್ ನೈಸರ್ಗಿಕ ಅನಿಲಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಕೊಡುತ್ತದೆ. ಆದರೆ ಅದು ಮೂರು ಪಟ್ಟು ಭಾರವಾದ್ದರಿಂದ ಅದೇ ರಂಧ್ರದಲ್ಲಿ, ಅದೇ ಒತ್ತಡದಲ್ಲಿ ನಿಧಾನವಾಗಿ ಹೊರಡುತ್ತದೆ. ಕೂಡಿ ಕಳೆದರೆ ಒಂದೇ ರಂಧ್ರದಿಂದ ಎಲ್‌ಪಿಜಿ ಸುಮಾರು 1.6 ಪಟ್ಟು ಶಾಖ ಕೊಡುತ್ತದೆ. ಇದರ ಜೊತೆ ಒತ್ತಡದ ವ್ಯತ್ಯಾಸವೂ ಸೇರಿ (30ನ್ನು 21.4ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.18) ಒಟ್ಟು 1.9 ಪಟ್ಟು.

ಈಗ ಗಂಟು ಬಿಚ್ಚಿತಲ್ಲ? ಎಲ್‌ಪಿಜಿ ಒಲೆಗೆ ಪಿಎನ್‌ಜಿ ಕೊಟ್ಟರೆ ಉರಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಾಗಿ ಬೆಂಗಳೂರಿನಲ್ಲಿ ಸಂಪರ್ಕ ಕೊಡಲು ಬಂದ ಕೆಲಸಗಾರ ಜೆಟ್ಟುಗಳ ರಂಧ್ರವನ್ನು ಹಿಗ್ಗಿಸಿದ್ದ, ಅದು ಸರಿಯಾದ ಕೆಲಸವೇ. ಆರು ವರ್ಷದಲ್ಲಿ ಮನೆಯವರಿಗೆ ಅದು ಮರೆತುಹೋಗಿದೆ. ಹಿಗ್ಗಿದ ರಂಧ್ರಕ್ಕೆ ಈಗ ಹೆಚ್ಚು ಒತ್ತಡದ, ಹೆಚ್ಚು ಕಸುವಿನ ಎಲ್‌ಪಿಜಿ ಬಂದಿದೆ. ಬರ್ನರಿನ ತಾಕತ್ತಿನ ಎರಡು ಪಟ್ಟು! ಗಾಳಿ ಸಾಲದೆ ಗೇಣುದ್ದದ ಹಳದಿ ಉರಿ. ಗ್ಯಾಸಿನಲ್ಲಿ ಕಲಬೆರಕೆಯಿಲ್ಲ, ರೆಗ್ಯುಲೇಟರ್ ಕೆಟ್ಟಿಲ್ಲ, ಒಲೆಯೂ ಕೆಟ್ಟಿಲ್ಲ. ಒಂದಕ್ಕೊಂದು ಹೊಂದುತ್ತಿಲ್ಲ, ಅಷ್ಟೇ.

ಅಮೆರಿಕದಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ಕಳಿಸಿದ ಹೊಳೆಯುವ ಗಾಜಿನ ಒಲೆಗೂ ಇದೇ ಗತಿ ಬರಬಹುದು. ಅಲ್ಲಿ ಮನೆಮನೆಗೆ ನೈಸರ್ಗಿಕ ಅನಿಲ ಸಾಮಾನ್ಯವಾಗಿ ಏಳು ಅಂಗುಲ ನೀರಿನ ಆಸುಪಾಸಿನ ಒತ್ತಡದಲ್ಲಿ ಬರುತ್ತದೆ; ಒಲೆಯೊಳಗೆ ಇನ್ನೊಂದು ಪುಟ್ಟ ರೆಗ್ಯುಲೇಟರ್ ಅದನ್ನು ಮತ್ತೂ ತಗ್ಗಿಸುತ್ತದೆ. ಎಲ್‌ಪಿಜಿಗೆ ಬದಲಾಯಿಸಬೇಕಾದರೆ ಎಲ್ಲ ಜೆಟ್ಟುಗಳನ್ನೂ ಬದಲಿಸಿ ಆ ರೆಗ್ಯುಲೇಟರನ್ನೂ ಹೊಂದಿಸಬೇಕು. ಕೊಳವೆಯ ತುದಿ ಹೊಂದಿಕೊಂಡಿತು ಎಂದ ಮಾತ್ರಕ್ಕೆ ಒಲೆ ಹೊಂದಿಕೊಂಡಿತು ಎಂದಲ್ಲ.

ಎರಡು ಸಲ ಅಳೆಯಬೇಕು

ಬ್ರಿಟನ್ನಿನಲ್ಲಿ ಅನಿಲದ ಕೆಲಸ ಮಾಡುವವರು ಸರ್ಕಾರ ಮಾನ್ಯ ಮಾಡಿದ ಪಟ್ಟಿಯಲ್ಲಿ ಹೆಸರು ನೋಂದಾಯಿಸಿರಲೇಬೇಕು. ಅವರ ಚೀಲದಲ್ಲಿ ಮ್ಯಾನೋಮೀಟರ್ ಇದ್ದೇ ಇರುತ್ತದೆ, ನೀರಿನದೋ ಎಲೆಕ್ಟ್ರಾನಿಕ್ ಆದದ್ದೋ. ಒಲೆ ಕೂರಿಸಿದ ಮೇಲೆ ಒತ್ತಡವನ್ನು ಒಂದಲ್ಲ, ಎರಡು ಸ್ಥಿತಿಗಳಲ್ಲಿ ನೋಡುತ್ತಾರೆ.

ಮೊದಲನೆಯದು ಎಲ್ಲ ಗುಂಡಿಗಳೂ ಮುಚ್ಚಿದ್ದಾಗಿನ ನಿಂತ ಒತ್ತಡ. ಎರಡನೆಯದು ಎಲ್ಲ ಬರ್ನರುಗಳೂ ಪೂರ್ತಿ ಉರಿಯುತ್ತಿರುವಾಗಿನ ಹರಿವಿನ ಒತ್ತಡ. ಎರಡೂ ಏಕೆ ಬೇಕು? ಬೆಳಿಗ್ಗೆ ಎಲ್ಲರೂ ಮಲಗಿದ್ದಾಗ ಬಚ್ಚಲಿನ ನಲ್ಲಿಯಲ್ಲಿ ನೀರು ಧೋ ಎಂದು ಬರುತ್ತದೆ; ಅಡುಗೆಮನೆಯ ನಲ್ಲಿ, ಹಿತ್ತಲ ನಲ್ಲಿ ತೆರೆದೊಡನೆ ಸೊರಗುತ್ತದೆ. ತೊಟ್ಟಿಯ ಎತ್ತರ ಬದಲಾಗಿಲ್ಲ, ಕೊಳವೆ ಸಾಲುತ್ತಿಲ್ಲ. ಗ್ಯಾಸಿನಲ್ಲೂ ಹಾಗೆಯೇ. ನಿಂತಾಗ 31 ಸೆಂ.ಮೀ. ತೋರಿಸಿ, ಮೂರು ಬರ್ನರ್ ಹಚ್ಚಿದೊಡನೆ 18ಕ್ಕೆ ಕುಸಿದರೆ ದೋಷ ದಾರಿಯಲ್ಲಿದೆ: ಕಲ್ಲಿನ ಹಿಂದೆ ಮಡಚಿಕೊಂಡ ರಬ್ಬರ್ ಕೊಳವೆಯಿರಬಹುದು, ಕಸ ಕಟ್ಟಿದ ಕವಾಟವಿರಬಹುದು, ಬಳಲಿದ ರೆಗ್ಯುಲೇಟರ್ ಇರಬಹುದು. ಒಂದೆರಡು ಸೆಂಟಿಮೀಟರ್ ಇಳಿಯುವುದು ಸಹಜ. ಇನ್ನು ಗುಂಡಿಗಳೆಲ್ಲ ಮುಚ್ಚಿದ್ದಾಗ ನೀರು ಇದ್ದಲ್ಲಿ ನಿಲ್ಲದೆ ತೆವಳುತ್ತ ಏರುತ್ತಲೇ ಇದ್ದರೆ ರೆಗ್ಯುಲೇಟರಿನ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದರ್ಥ. ಅದನ್ನು ಬದಲಿಸಲೇಬೇಕು.

ಅದೇ ಕೊಳವೆಯಿಂದ ಸೋರಿಕೆಯ ಪರೀಕ್ಷೆಯೂ ಆಗುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ನೈಸರ್ಗಿಕ ಅನಿಲದ ಒತ್ತಡವನ್ನು 20 ಮಿಲಿಬಾರಿಗೆ ತಂದು, ಬರುವ ದಾರಿ ಮುಚ್ಚಿ, ಒಂದು ನಿಮಿಷ ನೆಲೆಗೊಳ್ಳಲು ಬಿಟ್ಟು, ಆಮೇಲೆ ಎರಡು ನಿಮಿಷ ನೀರಿನ ಮಟ್ಟವನ್ನು ದಿಟ್ಟಿಸುತ್ತಾರೆ. ಮಟ್ಟ ಇಳಿದರೆ ಎಲ್ಲೋ ಸೋರುತ್ತಿದೆ. ಎಲ್ಲಿ ಎಂದು ಹುಡುಕಲು ಸೋಪಿನ ನೊರೆ. ನಮ್ಮಲ್ಲಿ ಅನೇಕರು ನೊರೆಯನ್ನೂ ಹಚ್ಚದೆ ಕಡ್ಡಿ ಗೀರಿ ಕೀಲಿನ ಬಳಿ ಹಿಡಿದು, ‘ನೋಡಿ ಸಾರ್, ಏನೂ ಇಲ್ಲ’ ಎಂದು ತೋರಿಸುವುದುಂಟು. ಹಾಗೆ ಮಾಡುವವನನ್ನು ಮನೆಯ ಯಜಮಾನ ಅಲ್ಲೇ ತಡೆಯಬೇಕು.

ಊರು ಬದಲಾಯಿಸಿದಾಗ ನೆನಪಿಡಬೇಕಾದ ಇನ್ನೊಂದು ವ್ಯತ್ಯಾಸವಿದೆ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಸೋರಿದರೆ ಸೂರಿನ ಕಡೆ ಏರುತ್ತದೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನಂತೆ ನೆಲದ ಮೇಲೆ ಹರಿದು ಕಲ್ಲಿನ ಕೆಳಗೆ, ಮೂಲೆಯಲ್ಲಿ ಮಡುಗಟ್ಟುತ್ತದೆ. ಗೋಡೆಯ ಮೇಲ್ಭಾಗದ ಫ್ಯಾನು ಮೊದಲನೆಯದಕ್ಕೆ ಸಾಕಾದರೂ ಎರಡನೆಯದಕ್ಕೆ ನೆಲಮಟ್ಟದಲ್ಲಿ ಗಾಳಿ ಆಡುವ ದಾರಿ ಬೇಕು. ಗಾಳಿಯಲ್ಲಿ ಶೇಕಡ 2ರಷ್ಟು ಎಲ್‌ಪಿಜಿ ಬೆರೆತರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ ಹೊರಬಂದು 1906ಕ್ಕೆ ಫೋನ್ ಮಾಡಬೇಕು. ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು. ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದನ್ನೂ ಇದೇ ಉಸಿರಿನಲ್ಲಿ ಹೇಳಿಬಿಡಬಹುದು.

ಶಿವಮೊಗ್ಗದ ಮನೆಯಲ್ಲಿ ತಂದೆ ಒಲೆ ಆರಿಸಿ, ಏಜೆನ್ಸಿಯ ಮೆಕ್ಯಾನಿಕ್‌ಗೆ ಹೇಳಿಕಳಿಸುತ್ತಾರೆ. ಈ ಸಲ ‘ಒಲೆ ಕೆಟ್ಟಿದೆ’ ಎಂದಲ್ಲ. ‘ಪಿಎನ್‌ಜಿಗೆ ಹೊಂದಿಸಿದ ಒಲೆ, ಎಲ್‌ಪಿಜಿ ಜೆಟ್ಟು ತನ್ನಿ, ಒತ್ತಡ ನೋಡುವ ಗೇಜೂ ಇರಲಿ’ ಎಂದು. ಆತ ಬಂದು ಹಿಗ್ಗಿದ ಜೆಟ್ಟುಗಳನ್ನು ಬಿಚ್ಚಿ, ಅದೇ ಒಲೆಯ ಕಂಪನಿಯ ಹೊಸ ಜೆಟ್ಟುಗಳನ್ನು ಕೂರಿಸಿ, ಗೇಜಿನಲ್ಲಿ ಎರಡು ಸಲ ಅಳೆಯುತ್ತಾನೆ. ನಿಂತಾಗ 31, ಎರಡೂ ಬರ್ನರ್ ಉರಿಯುವಾಗ 29. ಮಗಳು ಎರಡೂ ಸಂಖ್ಯೆಗಳನ್ನು ಬರೆದ ಚೀಟಿಯನ್ನು ಒಲೆಯ ಕೆಳಗಿನ ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸುತ್ತಾಳೆ, ತಾರೀಖಿನ ಜೊತೆ, ‘ಎಲ್‌ಪಿಜಿ ಜೆಟ್ಟು’ ಎಂಬ ಷರಾ ಸಮೇತ. ಬರ್ನರ್ ಮೇಲೆ ಮತ್ತೆ ಮೋಟು ನೀಲಿ ಜ್ವಾಲೆ. ಹಾಲಿನ ಪಾತ್ರೆಯ ತಳದ ಮಸಿ ಮಾತ್ರ ಹುಣಸೆಹಣ್ಣಿಗೂ ಜಗ್ಗದೆ ಇನ್ನೆರಡು ದಿನ ತಾಯಿಯನ್ನು ಸತಾಯಿಸುತ್ತದೆ.